ಟಿ.ವಿ. ಬಾಣಸಿಗರ ಬಗ್ಗೆ ಅಂತರ್ಜಾಲದಲ್ಲಿ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ವಿಕಿಪೀಡಿಯದಲ್ಲೋ ಬೇರೆ ಜಾಲತಾಣದಲ್ಲೋ ಟಿ.ವಿ.ಯ ಅಡುಗೆಯವರ ಬದುಕಿನ ಬಗ್ಗೆ ಬರೆಯಲು ಕೂತವರಿಗೆ ಏಳುವ ಪ್ರಶ್ನೆಗಳಿವು. ಸಿನಿಮಾ ನಟರ ಬಗ್ಗೆ ಬರೆಯುವುದಕ್ಕಿಂತ ಈ ಕೆಲಸ ಕಷ್ಟದ್ದು. ಸಿನಿಮಾಕ್ಕೆ ಬಿಡುಗಡೆಯ ದಿನಾಂಕ, ಸೆನ್ಸಾರ್ ಪ್ರಮಾಣಪತ್ರ, ಪತ್ರಿಕೆಗಳ ವಿಮರ್ಶೆ ಇರುತ್ತವೆ. ಮಧ್ಯಾಹ್ನದ ಅಡುಗೆ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಇವು ಯಾವುವೂ ಇರುವುದಿಲ್ಲ. ಕೈಗೆ ಸಿಗುವುದು ವಾಹಿನಿ ಹೇಳಿದ ಮಾತು, ಬಾಣಸಿಗರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಮಾತು. ಇವೆರಡನ್ನು ತೂಗಿ ನೋಡುವುದರಲ್ಲೇ ಮುಕ್ಕಾಲು ಶ್ರಮ ಹೋಗುತ್ತದೆ.

ಮೊದಲ ವಾಕ್ಯದಲ್ಲಿ ‘ಶೆಫ್’ ಎನ್ನಬೇಕೆ, ‘ಬಾಣಸಿಗ’ ಎನ್ನಬೇಕೆ?

ಆ ವ್ಯಕ್ತಿ ನಿಜಕ್ಕೂ ಮಾಡಿದ ಕೆಲಸ ಯಾವುದೋ ಅದನ್ನು ಹೇಳಿ. ಶೆಫ್ ಎಂದರೆ ಹೋಟೆಲು ಅಥವಾ ರೆಸ್ಟೋರೆಂಟಿನ ಅಡುಗೆಮನೆ ನಡೆಸುವವರು. ಸಂಜೀವ್ ಕಪೂರ್ ದೆಹಲಿಯ ಪೂಸಾದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಹೋಟೆಲುಗಳ ಅಡುಗೆಮನೆಯಲ್ಲಿ ದುಡಿದು, ಆಮೇಲೆ 1993ರಲ್ಲಿ ಜೀ ಟಿವಿಯ ‘ಖಾನಾ ಖಜಾನಾ’ಕ್ಕೆ ಬಂದವರು. ಅವರಿಗೆ ಶೆಫ್ ಸರಿಹೊಂದುತ್ತದೆ. ತರ್ಲಾ ದಲಾಲ್ 1966ರಲ್ಲಿ ಮುಂಬೈಯ ಮನೆಯಲ್ಲೇ ಅಡುಗೆ ತರಗತಿ ಶುರುಮಾಡಿದರು, 1974ರಲ್ಲಿ ಅವರ ಮೊದಲ ಪುಸ್ತಕ ಬಂತು. ಅವರು ಅಡುಗೆ ಲೇಖಕಿ, ಅಡುಗೆ ಕಲಿಸಿದವರು. ಅಮೆರಿಕದ ಜೂಲಿಯಾ ಚೈಲ್ಡ್ 1963ರಿಂದ ನಡೆಸಿಕೊಟ್ಟ ಕಾರ್ಯಕ್ರಮದ ಹೆಸರೇ ‘ದಿ ಫ್ರೆಂಚ್ ಶೆಫ್’, ಆದರೆ ಅವರು ಯಾವ ರೆಸ್ಟೋರೆಂಟನ್ನೂ ನಡೆಸಲಿಲ್ಲ. ಕಾರ್ಯಕ್ರಮದ ಹೆಸರನ್ನು ವ್ಯಕ್ತಿಯ ವೃತ್ತಿಯೆಂದು ಬರೆದರೆ ತಪ್ಪಾಗುವುದು ಇಂಥ ಕಡೆಯೇ.

ಅಡುಗೆಗಿಂತ ಮೊದಲೇ ಬೇರೆ ಕ್ಷೇತ್ರದಲ್ಲಿ ಹೆಸರು ಮಾಡಿದವರೂ ಇದ್ದಾರೆ. ಮಧುರ್ ಜಾಫ್ರಿ 1965ರಲ್ಲಿ ಬರ್ಲಿನ್ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿಯೆಂದು ಬೆಳ್ಳಿ ಕರಡಿ ಪಡೆದವರು. ಬಿಬಿಸಿಯಲ್ಲಿ ಅವರ ಅಡುಗೆ ಸರಣಿ ಬಂದದ್ದು 1982ರಲ್ಲಿ. ‘ನಟಿ ಮತ್ತು ಅಡುಗೆ ಲೇಖಕಿ’ ಎಂಬ ಕ್ರಮ ಅವರಿಗೆ ನ್ಯಾಯವಾದದ್ದು. ಸ್ಟಾರ್ ಸುವರ್ಣದಲ್ಲಿ ‘ಬೊಂಬಾಟ್ ಭೋಜನ’ ನಡೆಸಿಕೊಡುವ ಸಿಹಿಕಹಿ ಚಂದ್ರು ಅವರನ್ನೂ ಮೊದಲು ನಟರೆಂದೇ ಪರಿಚಯಿಸಬೇಕು.

ವಾಹಿನಿಯ ಜಾಲತಾಣದಲ್ಲಿರುವ ಪರಿಚಯವನ್ನು ನಂಬಬಹುದೆ?

ಕಾರ್ಯಕ್ರಮದ ಹೆಸರು, ಪ್ರಸಾರದ ಸಮಯ, ಎಷ್ಟನೇ ಸೀಸನ್ ಎಂಬುದಕ್ಕೆ ನಂಬಬಹುದು. ಕಾರ್ಯಕ್ರಮಕ್ಕೆ ಬರುವ ಮುಂಚಿನ ಬದುಕಿಗೆ ಅದೊಂದೇ ಆಧಾರವಾಗಬಾರದು. ಆ ಪರಿಚಯ ಬರೆದವರಿಗೆ ಬಾಣಸಿಗರನ್ನು ದೊಡ್ಡದಾಗಿ ತೋರಿಸುವ ಅಗತ್ಯವಿರುತ್ತದೆ.

ರಾಬರ್ಟ್ ಅರ್ವಿನ್ ಅವರ ಪ್ರಕರಣವನ್ನು ಈ ಕೆಲಸ ಮಾಡುವವರೆಲ್ಲ ಒಮ್ಮೆ ಓದಬೇಕು. ಬ್ರಿಟನ್ನಿನಿಂದ ಅಮೆರಿಕಕ್ಕೆ ಹೋಗಿ ಫುಡ್ ನೆಟ್‌ವರ್ಕ್ ವಾಹಿನಿಯಲ್ಲಿ ಹೆಸರಾದವರು ಅವರು. ರಾಜಕುಮಾರ ಚಾರ್ಲ್ಸ್ ಮತ್ತು ಡಯಾನಾ ಮದುವೆಯ ಕೇಕ್ ತಯಾರಿಸಿದವರಲ್ಲಿ ಒಬ್ಬರು, ಅಮೆರಿಕದ ಅಧ್ಯಕ್ಷರಿಗೆ ಅಡುಗೆ ಮಾಡಿದವರು ಎಂಬ ಮಾತುಗಳು ಅವರ ಪರಿಚಯದಲ್ಲಿ ಸೇರಿಕೊಂಡಿದ್ದವು. 2008ರಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್ ಟೈಮ್ಸ್ ಪತ್ರಿಕೆ ಒಂದೊಂದನ್ನೇ ಮೂಲದಲ್ಲಿ ವಿಚಾರಿಸಿದಾಗ ಇವು ನಿಲ್ಲಲಿಲ್ಲ. ಉತ್ಪ್ರೇಕ್ಷೆ ಮಾಡಿದ್ದು ತಪ್ಪೆಂದು ಅರ್ವಿನ್ ಒಪ್ಪಿಕೊಂಡರು. ವಾಹಿನಿ ಅವರನ್ನು ಬಿಟ್ಟು, ಅದೇ ವರ್ಷ ಮತ್ತೆ ಕರೆಸಿಕೊಂಡಿತು. ಆ ಪತ್ರಿಕೆ ಮಾಡಿದ್ದು ಬಹಳ ಸರಳ ಕೆಲಸ: ಪರಿಚಯದಲ್ಲಿ ಹೆಸರಿಸಿದ ಪ್ರತಿ ಸಂಸ್ಥೆಯನ್ನೂ ‘ಇದು ನಿಜವೇ’ ಎಂದು ಕೇಳಿತು. ಕಾಲೇಜು, ಹೋಟೆಲು, ಅರಮನೆ ಯಾವುದೇ ಇರಲಿ, ಅಲ್ಲಿಯವರ ದಾಖಲೆಯಲ್ಲೋ ಆ ಕಾಲದ ಪತ್ರಿಕೆಯಲ್ಲೋ ಸಿಗದ ಮಾತನ್ನು ಪುಟಕ್ಕೆ ಸೇರಿಸಬೇಡಿ. ಸೇರಿಸಲೇಬೇಕಾದರೆ ‘ವಾಹಿನಿಯ ಪರಿಚಯದ ಪ್ರಕಾರ’ ಎಂದು ವಾಕ್ಯದೊಳಗೇ ಹೇಳಿ.

ಬಾಣಸಿಗರೇ ಸಂದರ್ಶನದಲ್ಲಿ ಹೇಳಿದ್ದರೆ?

ಊರು, ಓದು, ಅಡುಗೆ ಕಲಿತದ್ದು ಅಜ್ಜಿಯಿಂದಲೋ ಅಮ್ಮನಿಂದಲೋ ಎಂಬಂಥ ವಿಷಯಕ್ಕೆ ಸಾಕು. ತಮಗೆ ಕೀರ್ತಿ ತರುವ ಮಾತಿಗೆ ಸಾಲದು. ಬೇರೆಯವರ ಮೇಲಿನ ಆರೋಪವಾದರಂತೂ ಸಂದರ್ಶನವೊಂದನ್ನೇ ನೆಚ್ಚಿ ಬರೆಯಬೇಡಿ.

ಐದು ಪತ್ರಿಕೆಗಳಲ್ಲಿ ಬಂದಿದೆ. ಐದು ಆಧಾರ ಸಿಕ್ಕಂತೆ ಅಲ್ಲವೆ?

ಹೆಚ್ಚಿನ ಸಲ ಅಲ್ಲ. ಹೊಸ ಸೀಸನ್ ಶುರುವಾಗುವ ವಾರ ವಾಹಿನಿಯ ಪತ್ರಿಕಾ ಪ್ರಕಟಣೆ ಎಲ್ಲ ಕಚೇರಿಗಳಿಗೂ ಹೋಗುತ್ತದೆ. ಐದೂ ಸುದ್ದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ವಾಕ್ಯಗಳ ಕ್ರಮ ಒಂದೇ, ಫೋಟೊ ಒಂದೇ, ವರದಿಗಾರರ ಹೆಸರಿಲ್ಲ, ಪ್ರಕಟವಾದ ದಿನವೂ ಹೆಚ್ಚುಕಮ್ಮಿ ಒಂದೇ ಆಗಿದ್ದರೆ ಅದು ಒಂದೇ ಪ್ರಕಟಣೆ. ಪುರವಣಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಜಾಹೀರಾತು’ ಎಂದಿದ್ದರೆ ಅದನ್ನು ಆಧಾರವಾಗಿ ತೋರಿಸುವಂತೆಯೇ ಇಲ್ಲ.

ಇದಕ್ಕಿಂತ ಅಪಾಯದ್ದು ಸುತ್ತಿ ಬರುವ ತಪ್ಪು. ಯಾರೋ ಆಧಾರವಿಲ್ಲದೆ ವಿಕಿಪೀಡಿಯದಲ್ಲಿ ಒಂದು ಜನ್ಮದಿನಾಂಕ ಸೇರಿಸುತ್ತಾರೆ. ಸುದ್ದಿ ತಾಣವೊಂದು ಅದನ್ನು ನಕಲು ಮಾಡುತ್ತದೆ. ಮರುವರ್ಷ ಇನ್ನೊಬ್ಬರು ಅದೇ ಸುದ್ದಿಯನ್ನು ಆ ದಿನಾಂಕಕ್ಕೆ ಆಧಾರವಾಗಿ ಅಂಟಿಸುತ್ತಾರೆ. ಕಂಡುಹಿಡಿಯುವುದು ಕಷ್ಟವಲ್ಲ: ಪುಟದ ಇತಿಹಾಸ ತೆರೆದು ಆ ದಿನಾಂಕ ಮೊದಲು ಸೇರಿದ್ದು ಯಾವತ್ತು ಎಂದು ನೋಡಿ. ಸುದ್ದಿ ಅದಕ್ಕಿಂತ ಆಮೇಲಿನದಾಗಿದ್ದರೆ ಅದಕ್ಕೂ ಮುಂಚಿನ ಆಧಾರ ಹುಡುಕಬೇಕು. ಸಿಗದಿದ್ದರೆ ದಿನಾಂಕವನ್ನೇ ತೆಗೆಯಬೇಕು.

ವಯಸ್ಸು, ದಿನಾಂಕಗಳಲ್ಲಿ ಏನೇನು ತಪ್ಪಾಗುತ್ತದೆ?

ಇಸವಿಯಿಂದ ಇಸವಿ ಕಳೆದು ವಯಸ್ಸು ಬರೆಯುವುದು. ಜೂಲಿಯಾ ಚೈಲ್ಡ್ ಹುಟ್ಟಿದ್ದು 15 ಆಗಸ್ಟ್ 1912, ತೀರಿಕೊಂಡದ್ದು 13 ಆಗಸ್ಟ್ 2004. ಬರೀ ಇಸವಿ ಕಳೆದರೆ 92 ಬರುತ್ತದೆ. ಹುಟ್ಟುಹಬ್ಬಕ್ಕೆ ಎರಡು ದಿನ ಬಾಕಿಯಿದ್ದುದರಿಂದ ಸರಿಯಾದ ವಯಸ್ಸು 91. ಬದುಕಿರುವವರ ವಯಸ್ಸನ್ನು ಕೈಯಾರೆ ಬರೆಯಲೇಬೇಡಿ, ಮುಂದಿನ ವರ್ಷ ತಪ್ಪಾಗುತ್ತದೆ. ವಿಕಿಪೀಡಿಯದಲ್ಲಾದರೆ ವಯಸ್ಸು ತಾನಾಗಿ ಲೆಕ್ಕಹಾಕುವ ಟೆಂಪ್ಲೇಟ್ (ಸಿದ್ಧ ಅಚ್ಚು) ಬಳಸಿ.

ಎರಡು ಒಳ್ಳೆಯ ಆಧಾರಗಳು ಬೇರೆ ಬೇರೆ ಇಸವಿ ಹೇಳಿದರೆ ಎರಡನ್ನೂ ಕೊಡಿ, ಯಾವುದು ಯಾರದೆಂದು ಹೇಳಿ. ಬದುಕಿರುವವರ ಪೂರ್ಣ ಜನ್ಮದಿನಾಂಕ ಪತ್ರಿಕೆಗಳಲ್ಲಿ ಬಂದಿರದಿದ್ದರೆ ಇಸವಿಯಷ್ಟೇ ಸಾಕು. ಮತದಾರರ ಪಟ್ಟಿ, ಕಂಪನಿ ನೋಂದಣಿ ಕಾಗದಗಳಿಂದ ಹೆಕ್ಕಿ ತಂದು ಹಾಕಬಾರದು.

‘ಮೊಟ್ಟಮೊದಲ’, ‘50 ಕೋಟಿ ವೀಕ್ಷಕರು’ ಎಂದೆಲ್ಲ ಬರೆಯಬಹುದೆ?

‘ಮೊಟ್ಟಮೊದಲ’ ಎಂದ ಕೂಡಲೇ ಬರೆಯುವ ಕೈ ನಿಲ್ಲಬೇಕು. ಟಿ.ವಿ.ಯಲ್ಲಿ ಮೊದಲು ಅಡುಗೆ ಮಾಡಿ ತೋರಿಸಿದವರು ಜೂಲಿಯಾ ಚೈಲ್ಡ್ ಎಂದು ಎಷ್ಟೋ ಕಡೆ ಓದುತ್ತೇವೆ. ಆದರೆ ಬಿಬಿಸಿಯಲ್ಲಿ ಮಾರ್ಸೆಲ್ ಬುಲೆಸ್ಟಾನ್ 1937ರಲ್ಲೇ ಅಡುಗೆ ತೋರಿಸಿದ್ದರು. ಅಮೆರಿಕದ ಎನ್‌ಬಿಸಿಯಲ್ಲಿ ಜೇಮ್ಸ್ ಬಿಯರ್ಡ್ ಅವರ ಕಾರ್ಯಕ್ರಮ 1946ರಲ್ಲಿ ಬಂದಿತ್ತು. ‘ಅಮೆರಿಕದ ಮೊದಲ ಮಹಿಳೆ’ ಎಂದು ತಿದ್ದಿದರೂ ಉಳಿಯದು, 1940ರ ದಶಕದ ಕೊನೆಯಲ್ಲೇ ಡಯೋನ್ ಲೂಕಸ್ ಅಲ್ಲಿ ಟಿ.ವಿ.ಗೆ ಬಂದಿದ್ದರು. ಚೈಲ್ಡ್ ಅವರ ದೊಡ್ಡತನಕ್ಕೆ ಈ ‘ಮೊದಲ’ ಬೇಕಾಗಿಯೂ ಇಲ್ಲ. ಬಾಸ್ಟನ್ನಿನ ಒಂದು ಸಾರ್ವಜನಿಕ ವಾಹಿನಿಯಿಂದ ಹೊರಟು ಹತ್ತು ವರ್ಷ ದೇಶಕ್ಕೆಲ್ಲ ಫ್ರೆಂಚ್ ಅಡುಗೆ ಕಲಿಸಿದರು ಎಂದರೆ ಅದೇ ಸಾಕಷ್ಟು ಹೇಳುತ್ತದೆ.

ವೀಕ್ಷಕರ ಸಂಖ್ಯೆಗೆ ಬಂದರೆ, ‘ಖಾನಾ ಖಜಾನಾ’ 120 ದೇಶಗಳಲ್ಲಿ ಪ್ರಸಾರವಾಗಿ 50 ಕೋಟಿ ವೀಕ್ಷಕರನ್ನು ಪಡೆದಿತ್ತು ಎಂಬ ವಾಕ್ಯ ನೂರಾರು ಪುಟಗಳಲ್ಲಿದೆ. ವಾಹಿನಿ ಎಷ್ಟು ಮನೆಗಳಿಗೆ ತಲುಪುತ್ತದೆ ಎಂಬುದು ಒಂದು ಅಳತೆ. ಆ ಹೊತ್ತಿಗೆ ಎಷ್ಟು ಜನ ಆ ಕಾರ್ಯಕ್ರಮ ನೋಡಿದರು ಎಂಬುದು ಇನ್ನೊಂದು. ಇಂಥ ದೊಡ್ಡ ಅಂಕಿಯನ್ನು ಕಂಡಾಗ ಎರಡರಲ್ಲಿ ಯಾವುದು, ಅಳೆದವರು ಯಾರು, ಯಾವ ವರ್ಷ ಎಂದು ಕೇಳಿ. ಮೂರಕ್ಕೂ ಉತ್ತರ ಸಿಕ್ಕರೆ ಮಾತ್ರ ಬರೆಯಿರಿ.

ಪ್ರಶಸ್ತಿಗಳನ್ನು ಹೇಗೆ ಬರೆಯಬೇಕು?

ಅತಿ ಹೆಚ್ಚು ತಪ್ಪುಗಳು ಇಲ್ಲೇ.

‘ಪದ್ಮಶ್ರೀ ಸಂಜೀವ್ ಕಪೂರ್’ ಎಂದು ಬರೆಯುವಂತಿಲ್ಲ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಹೆಸರಿನ ಹಿಂದೆ ಮುಂದೆ ಅವನ್ನು ಸೇರಿಸಬಾರದು ಎಂದು ಸುಪ್ರೀಂ ಕೋರ್ಟು 1995ರಲ್ಲಿ, ಬಾಲಾಜಿ ರಾಘವನ್ ಪ್ರಕರಣದಲ್ಲಿ, ಹೇಳಿದೆ. ‘2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು’ ಎಂದರೆ ಸರಿ. ತರ್ಲಾ ದಲಾಲ್ ಅವರಿಗೆ ಸಂದದ್ದು 2007ರಲ್ಲಿ, ಮಧುರ್ ಜಾಫ್ರಿ ಅವರಿಗೆ ಪದ್ಮಭೂಷಣ 2022ರಲ್ಲಿ. ಜನವರಿಯಲ್ಲಿ ಘೋಷಣೆಯಾದರೂ ಪ್ರದಾನ ನಡೆಯುವುದು ಕೆಲ ತಿಂಗಳ ಮೇಲೆ. ಇಸವಿಯ ಜೊತೆ ತಿಂಗಳನ್ನೂ ಬರೆಯುವುದಾದರೆ ಯಾವುದರ ತಿಂಗಳು ಎಂದು ಹೇಳಿ.

ಮಿಶೆಲಿನ್ ಎಂಬ ರೆಸ್ಟೋರೆಂಟ್ ಕೈಪಿಡಿ ಕೊಡುವ ನಕ್ಷತ್ರ ಸಿಗುವುದು ರೆಸ್ಟೋರೆಂಟಿಗೆ. ವಿಕಾಸ್ ಖನ್ನಾ ಅವರು ಅಡುಗೆಮನೆ ನಡೆಸುತ್ತಿದ್ದ ನ್ಯೂಯಾರ್ಕಿನ ಜುನೂನ್‌ಗೆ 2011ರಲ್ಲಿ ಒಂದು ನಕ್ಷತ್ರ ಘೋಷಣೆಯಾಯಿತು. ವಾಕ್ಯವೂ ಹಾಗೇ ಇರಲಿ. ಬಾಣಸಿಗರು ಆ ಜಾಗ ಬಿಟ್ಟರೆ ನಕ್ಷತ್ರ ಅವರ ಹಿಂದೆ ಬರುವುದಿಲ್ಲ. ನಕ್ಷತ್ರ ಪ್ರತಿ ವರ್ಷ ಹೊಸದಾಗಿ ತೀರ್ಮಾನವಾಗುವುದರಿಂದ ಇಸವಿ ಕಡ್ಡಾಯ.

ಅಡುಗೆ ಕ್ಷೇತ್ರದ ಜೇಮ್ಸ್ ಬಿಯರ್ಡ್ ಪ್ರಶಸ್ತಿ, ಟಿ.ವಿ. ಕ್ಷೇತ್ರದ ಎಮ್ಮಿ ಪ್ರಶಸ್ತಿಗಳಲ್ಲಿ ‘ನಾಮನಿರ್ದೇಶನ’ ಮತ್ತು ‘ಗೆಲುವು’ ಬೇರೆ ಬೇರೆ. ‘ಪ್ರಶಸ್ತಿಗೆ ಭಾಜನರಾಗಿದ್ದಾರೆ’ ಎಂಬ ನಮ್ಮ ಪತ್ರಿಕಾಭಾಷೆ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಪ್ರಶಸ್ತಿ ಕೊಡುವ ಸಂಸ್ಥೆಯ ಪಟ್ಟಿಯನ್ನೇ ತೆರೆದು ನೋಡಿ. ದುಡ್ಡು ಕಟ್ಟಿದವರಿಗೆಲ್ಲ ಫಲಕ ಕೊಡುವ ಸಮಾರಂಭಗಳನ್ನು ಪಟ್ಟಿಯಿಂದ ಬಿಡಿ.

ಸಾಮೂಹಿಕ ದಾಖಲೆಯಾದರೆ ಪಾಲು ಸರಿಯಾಗಿ ಹಂಚಿ. 4 ನವೆಂಬರ್ 2017ರಂದು ದೆಹಲಿಯ ವರ್ಲ್ಡ್ ಫುಡ್ ಇಂಡಿಯಾ ಮೇಳದಲ್ಲಿ 918 ಕಿಲೊ ಖಿಚಡಿ ಬೆಂದು ಗಿನ್ನೆಸ್ ದಾಖಲೆಯಾಯಿತು. ಅದರ ನೇತೃತ್ವ ಸಂಜೀವ್ ಕಪೂರ್ ಅವರದು, ಬೇಯಿಸಿದ್ದು ದೊಡ್ಡ ತಂಡ.

ಒಂದೇ ಹೆಸರಿನ ಇಬ್ಬರಿದ್ದರೆ?

ಕನ್ನಡದಲ್ಲಿ ಈ ತೊಡಕು ಇಂಗ್ಲಿಷಿಗಿಂತ ಜಾಸ್ತಿ. ಮಾಸ್ಟರ್‌ಶೆಫ್ ಇಂಡಿಯಾದ ಮೊದಲ ಸೀಸನ್ನಿನಲ್ಲಿ, 2010ರಲ್ಲಿ, ತೀರ್ಪುಗಾರರಾಗಿದ್ದ ಕುನಾಲ್ ಕಪೂರ್ ಒಬ್ಬರು. ‘ರಂಗ್ ದೇ ಬಸಂತಿ’ಯ ನಟ ಕುನಾಲ್ ಕಪೂರ್ ಇನ್ನೊಬ್ಬರು. ಶಶಿ ಕಪೂರ್ ಅವರ ಮಗನೂ ಕುನಾಲ್ ಕಪೂರ್. ಬಾಣಸಿಗರ ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತ ಬೇರೆ, ಕನ್ನಡ ಲಿಪಿಯಲ್ಲಿ ಮೂವರೂ ಒಂದೇ. ಶೀರ್ಷಿಕೆಯಲ್ಲೇ ‘ಕುನಾಲ್ ಕಪೂರ್ (ಬಾಣಸಿಗ)’ ಎಂದು ಬೇರ್ಪಡಿಸಿ. ಫೋಟೊ, ಜನ್ಮದಿನಾಂಕ, ಸಿನಿಮಾ ಪಟ್ಟಿ ತರುವಾಗ ವಿಕಿಡೇಟಾದ (ವಿಕಿಪೀಡಿಯ ಪುಟಗಳಿಗೆ ಮಾಹಿತಿ ಒದಗಿಸುವ ದತ್ತಾಂಶ ಭಂಡಾರದ) ಗುರುತಿನ ಸಂಖ್ಯೆಯನ್ನು ಹೋಲಿಸಿ ನೋಡಿ. ಬೇರೆ ಲಿಪಿಯಲ್ಲಿ ಬರೆಯುವ ಹೆಸರಾದರೆ ಉಳಿದ ಬರಹರೂಪಗಳಿಗೆಲ್ಲ ಪುನರ್ನಿರ್ದೇಶನ ಪುಟ (ಮುಖ್ಯ ಪುಟಕ್ಕೆ ತಾನಾಗಿ ಕರೆದೊಯ್ಯುವ ಪುಟ) ಮಾಡಿ. ತರ್ಲಾ, ತರಲಾ ಎರಡನ್ನೂ ಹುಡುಕುವವರಿದ್ದಾರೆ.

ಹಳೆಯ ಕಾರ್ಯಕ್ರಮಕ್ಕೆ ವಾಹಿನಿಯ ಈಗಿನ ಹೆಸರು ಹಾಕಬಹುದೆ?

ಬೇಡ, ಅಂದಿನ ಹೆಸರೇ ಇರಲಿ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. 2007ರಲ್ಲಿ ಏಷ್ಯಾನೆಟ್ ಸುವರ್ಣ ಎಂದು ಶುರುವಾದದ್ದು ಈಗ ಸ್ಟಾರ್ ಸುವರ್ಣ. 2008ರ ಅಡುಗೆ ಕಾರ್ಯಕ್ರಮವನ್ನು ‘ಕಲರ್ಸ್ ಕನ್ನಡದಲ್ಲಿ’ ಎಂದು ಬರೆದರೆ ಓದುಗರು ಹಳೆಯ ಪತ್ರಿಕೆಯಲ್ಲಿ ಹುಡುಕಿದಾಗ ಏನೂ ಸಿಗುವುದಿಲ್ಲ. ಮೊದಲ ಪ್ರಸಾರದ ದಿನವನ್ನು ಆ ವಾರದ ಪತ್ರಿಕೆಯ ಟಿ.ವಿ. ಅಂಕಣದಲ್ಲಿ ನೋಡಿ. ಯೂಟ್ಯೂಬಿನಲ್ಲಿ ಕಾಣುವ ದಿನಾಂಕ ವಿಡಿಯೊ ಏರಿಸಿದ ದಿನದ್ದು.

ಎಲ್ಲರೂ ಹೇಳುವ ಸ್ವಾರಸ್ಯದ ಕಥೆಗಳನ್ನು ಬಿಡಬೇಕೆ?

ಬಿಡಬೇಕಾಗಿಲ್ಲ, ಮೂಲದ ತನಕ ಹೋಗಿ ಬನ್ನಿ. ಜೂಲಿಯಾ ಚೈಲ್ಡ್ ಕೋಳಿಯನ್ನು ನೆಲಕ್ಕೆ ಬೀಳಿಸಿ ಎತ್ತಿ ಮತ್ತೆ ತಟ್ಟೆಗಿಟ್ಟರು ಎಂಬ ಕಥೆ ಜಗತ್ತಿನಾದ್ಯಂತ ಓಡಾಡುತ್ತದೆ. ಮೂಲ ಸಂಚಿಕೆಯಲ್ಲಿ ಅವರು ಬಾಣಲೆಯಲ್ಲಿ ಆಲೂಗಡ್ಡೆಯ ದೋಸೆಯಂಥದ್ದನ್ನು ಮೇಲಕ್ಕೆ ಚಿಮ್ಮಿ ಮಗುಚಲು ಹೋಗುತ್ತಾರೆ. ಅದರ ಒಂದಿಷ್ಟು ಭಾಗ ಒಲೆಯ ಮೇಲ್ಮೈಗೆ ಬೀಳುತ್ತದೆ, ಅದನ್ನು ಬಾಚಿ ಬಾಣಲೆಗೆ ಹಾಕುತ್ತಾರೆ. ಕೋಳಿಯೂ ಇಲ್ಲ, ನೆಲವೂ ಇಲ್ಲ. ನಿಜವಾಗಿ ನಡೆದದ್ದನ್ನು ಬರೆದು, ಜನಪ್ರಿಯ ರೂಪ ಹೇಗೆ ಬೇರೆ ಎಂದು ಒಂದು ವಾಕ್ಯದಲ್ಲಿ ಹೇಳಿದರೆ ಓದುಗರಿಗೆ ಎರಡೂ ಸಿಕ್ಕವು.

‘ಆಕೆ ಗೂಢಚಾರಿಣಿಯಾಗಿದ್ದರು’ ಎಂಬುದೂ ಹೀಗೇ. ಎರಡನೆಯ ಮಹಾಯುದ್ಧದಲ್ಲಿ ಅವರು ಅಮೆರಿಕದ ಗುಪ್ತಚರ ಸಂಸ್ಥೆ ಒಎಸ್‌ಎಸ್‌ನಲ್ಲಿ ಕೆಲಸ ಮಾಡಿದ್ದು ನಿಜ. ಸಿಲೋನಿನ ಕ್ಯಾಂಡಿಯಲ್ಲಿ, ಚೀನಾದ ಕುನ್ಮಿಂಗಿನಲ್ಲಿ ಅವರು ನೋಡಿಕೊಂಡದ್ದು ರಹಸ್ಯ ಕಾಗದಪತ್ರಗಳ ದಾಖಲಾತಿ ವಿಭಾಗವನ್ನು. 2008ರಲ್ಲಿ ಸಿಬ್ಬಂದಿ ಕಡತಗಳು ಹೊರಬಂದಾಗ ಶೀರ್ಷಿಕೆಗಳು ‘ಗೂಢಚಾರಿಣಿ’ ಎಂದವು. ಸುದ್ದಿಯ ತಲೆಬರಹವನ್ನು ಆಧಾರವೆಂದು ತೆಗೆದುಕೊಳ್ಳಬೇಡಿ, ಒಳಗಿನ ವರದಿ ಓದಿ.

ವಿವಾದಗಳಿಗೆ ಎಷ್ಟು ಜಾಗ ಕೊಡಬೇಕು?

ಆ ಘಟನೆ ವೃತ್ತಿಯಲ್ಲಿ ಎಷ್ಟು ಬದಲಾವಣೆ ತಂದಿತೋ ಅಷ್ಟು. ಅಮೆರಿಕದ ಪೌಲಾ ಡೀನ್ ತಾವು ಹಿಂದೆ ಜನಾಂಗೀಯ ಬೈಗುಳ ಬಳಸಿದ್ದನ್ನು ಮೊಕದ್ದಮೆಯೊಂದರ ಹೇಳಿಕೆಯಲ್ಲಿ ಒಪ್ಪಿಕೊಂಡದ್ದು 2013ರಲ್ಲಿ ಹೊರಬಂತು, ವಾಹಿನಿ ಜೂನ್‌ನಲ್ಲಿ ಒಪ್ಪಂದ ಮುಂದುವರಿಸಲಿಲ್ಲ. ಇದನ್ನು ಬಿಟ್ಟು ಅವರ ಬದುಕನ್ನು ಬರೆಯಲಾಗದು. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ನ್ಯಾಯಾಲಯ ಜನಾಂಗೀಯ ತಾರತಮ್ಯದ ಆರೋಪಗಳನ್ನು ಕೈಬಿಟ್ಟಿತು, ಉಳಿದದ್ದು ರಾಜಿಯಲ್ಲಿ ಮುಗಿಯಿತು. ಎಷ್ಟೋ ಪುಟಗಳು ಜೂನ್‌ನಲ್ಲೇ ನಿಂತುಬಿಡುತ್ತವೆ. ಆರೋಪ ಬರೆದವರು ಅದರ ಮುಕ್ತಾಯವನ್ನೂ ಹುಡುಕಿ ಬರೆಯಲೇಬೇಕು. ಇಷ್ಟು ಮಾಡಲು ಪುರುಸೊತ್ತಿಲ್ಲದಿದ್ದರೆ ಆರೋಪವನ್ನೂ ಮುಟ್ಟಬಾರದು.

‘ವಿವಾದಗಳು’ ಎಂಬ ಪ್ರತ್ಯೇಕ ಶೀರ್ಷಿಕೆ ಬೇಡ. ಹತ್ತು ವರ್ಷಗಳ ಚಿಲ್ಲರೆ ಸಂಗತಿಗಳೆಲ್ಲ ಅಲ್ಲಿ ಬಂದು ಗುಡ್ಡೆಯಾಗುತ್ತವೆ. ಘಟನೆಯನ್ನು ಅದು ನಡೆದ ವರ್ಷದ ಜಾಗದಲ್ಲಿ ಹೇಳಿ. ಕಂಪನಿಯನ್ನೂ ವ್ಯಕ್ತಿಯನ್ನೂ ಬೆರೆಸಬೇಡಿ: 2019ರ ಮೇ ತಿಂಗಳಲ್ಲಿ ಕುಸಿದದ್ದು ಜೇಮಿ ಆಲಿವರ್ ಅವರ ಬ್ರಿಟನ್ನಿನ ರೆಸ್ಟೋರೆಂಟ್ ಕಂಪನಿ, 25ರಲ್ಲಿ 22 ಮಳಿಗೆ ಮುಚ್ಚಿದವು. ‘ಆಲಿವರ್ ದಿವಾಳಿಯಾದರು’ ಎಂಬುದು ಬೇರೆಯೇ ಮಾತು, ಅದು ಸುಳ್ಳು. ಭಾರತದಲ್ಲಿ ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಅಪರಾಧ, ಇದೂ ನೆನಪಿರಲಿ.

ಮದುವೆ, ಮಕ್ಕಳು, ಜಾತಿ, ಸಂಪಾದನೆ?

ಸಂಗಾತಿ ತಾವಾಗಿ ಸಾರ್ವಜನಿಕ ಬದುಕಿನಲ್ಲಿದ್ದರೆ ಹೆಸರು ಸರಿ. ಚಿಕ್ಕ ಮಕ್ಕಳ ಹೆಸರು, ಶಾಲೆ, ಮನೆ ಇರುವ ಬಡಾವಣೆ ಬೇಡ. ತೂಕ, ಕಾಯಿಲೆಗಳ ಬಗ್ಗೆ ಅವರೇ ಬಹಿರಂಗವಾಗಿ ಮಾತಾಡಿದ್ದರೆ ಮಾತ್ರ. ‘ಒಟ್ಟು ಆಸ್ತಿ ಇಷ್ಟು ಕೋಟಿ’ ಎನ್ನುವ ತಾಣಗಳ ಅಂಕಿಗೆ ತಳವಿಲ್ಲ.

ಜಾತಿಯನ್ನು ಅಡ್ಡಹೆಸರಿನಿಂದಲೋ ಮಾಡುವ ಅಡುಗೆಯಿಂದಲೋ ಊಹಿಸಬೇಡಿ. ಸಾತ್ವಿಕ ಅಡುಗೆ ತೋರಿಸುವವರು ಒಂದು ಜಾತಿ, ಬಾಡೂಟ ಮಾಡುವವರು ಇನ್ನೊಂದು ಎಂದು ಬರೆಯುವುದು ಸುಳ್ಳೂ ಹೌದು, ಅವಮಾನವೂ ಹೌದು. ಕಾರ್ಯಕ್ರಮದಲ್ಲಿ ಮಾಂಸ ಬೇಯಿಸುವುದಿಲ್ಲ ಎಂದರೆ ಅದು ಕಾರ್ಯಕ್ರಮದ ವಿಷಯ, ಅವರ ಮನೆಯ ಊಟದ ಬಗ್ಗೆ ಅದೇನೂ ಹೇಳುವುದಿಲ್ಲ.

ಭಾಷೆ ಹೇಗಿರಬೇಕು?

‘ಮನೆಮಾತಾಗಿದ್ದಾರೆ’, ‘ಅಡುಗೆ ಮಾಂತ್ರಿಕ’, ‘ನಳಪಾಕ ಪ್ರವೀಣ’, ‘ಕೈರುಚಿಗೆ ಮಾರುಹೋಗದವರಿಲ್ಲ’: ಇವನ್ನು ತೆಗೆದು, ಆ ಜಾಗದಲ್ಲಿ ಎಷ್ಟು ಸಂಚಿಕೆ, ಎಷ್ಟು ವರ್ಷ, ಯಾವ ಪುಸ್ತಕ ಎಂದು ಬರೆಯಿರಿ. ‘ಎಂದು ಹೇಳಲಾಗುತ್ತದೆ’ ಎಂಬ ಕರ್ತೃವಿಲ್ಲದ ವಾಕ್ಯ ಕಂಡರೆ ಹೇಳಿದವರ ಹೆಸರು ಹಾಕಿ ಅಥವಾ ವಾಕ್ಯವನ್ನೇ ಅಳಿಸಿ. ಬಹುವಚನದ ‘ಅವರು’ ಗಂಡಸರಿಗೂ ಹೆಂಗಸರಿಗೂ ಕೊನೆಯವರೆಗೆ ಇರಲಿ, ಶ್ರೀ, ಶ್ರೀಮತಿ ಬೇಡ. ಗಂಡಸರನ್ನು ‘ಬಾಣಸಿಗ’, ಅದೇ ಕೆಲಸ ಮಾಡುವ ಹೆಂಗಸರನ್ನು ‘ಗೃಹಿಣಿ’ ಎನ್ನುವ ಚಾಳಿಯಂತೂ ನಿಲ್ಲಲೇಬೇಕು.

ಅವರ ಪ್ರಸಿದ್ಧ ಅಡುಗೆಯ ವಿಧಾನ ಸೇರಿಸಬಹುದೆ?

ಬದುಕಿನ ಪುಟದಲ್ಲಿ ಬೇಡ. ಸಾಮಗ್ರಿಗಳ ಬರೀ ಪಟ್ಟಿಗೆ ಕೃತಿಸ್ವಾಮ್ಯ ಇರುವುದಿಲ್ಲ, ಆದರೆ ಅವರು ಬರೆದ ವಿವರಣೆಗೆ ಇರುತ್ತದೆ.

ಫೋಟೊ ಎಲ್ಲಿಂದ?

ಟಿ.ವಿ. ಪರದೆಯಿಂದ ತೆಗೆದ ಚಿತ್ರ ವಾಹಿನಿಯದು, ಹಾಕುವಂತಿಲ್ಲ. ಬಾಣಸಿಗರು ತಮ್ಮ ಫೋಟೊ ಕಳಿಸಿದರೂ ಹಕ್ಕು ಸಾಮಾನ್ಯವಾಗಿ ಕ್ಲಿಕ್ಕಿಸಿದವರದು, ಅವರಿಂದಲೇ ಅನುಮತಿಯ ಇಮೇಲ್ ವಿಕಿಪೀಡಿಯದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹೋಗಬೇಕು. ಸಾರ್ವಜನಿಕ ಮೇಳದಲ್ಲಿ ನೀವೇ ತೆಗೆದದ್ದು ಎಲ್ಲಕ್ಕಿಂತ ಸುಲಭ. ಬಾಯಿ ತೆರೆದಿರುವ, ಕಣ್ಣು ಮುಚ್ಚಿರುವ ಚಿತ್ರ ಆರಿಸಬೇಡಿ.

ಕಾರ್ಯಕ್ರಮದ ತಂಡದಲ್ಲಿರುವವರು ಬರೆಯಬಹುದೆ?

ನೇರವಾಗಿ ಪುಟ ತಿದ್ದದೆ, ಅದಕ್ಕೆ ಹೊಂದಿಕೊಂಡ ಚರ್ಚಾಪುಟದಲ್ಲಿ ಸಲಹೆ ಇಡಿ. ಅದಕ್ಕಾಗಿ ಸಂಬಳವೋ ಶುಲ್ಕವೋ ಬರುತ್ತಿದ್ದರೆ ಅದನ್ನು ಬಹಿರಂಗಪಡಿಸುವುದು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆಯ ಬಳಕೆಯ ನಿಯಮದ ಪ್ರಕಾರ ಕಡ್ಡಾಯ.

ಕನ್ನಡ ಅಡುಗೆ ಕಾರ್ಯಕ್ರಮದವರ ಬಗ್ಗೆ ಆಧಾರಗಳೇ ಸಿಗುವುದಿಲ್ಲ. ಏನು ಮಾಡುವುದು?

ಅಂತರ್ಜಾಲದ ಹುಡುಕಾಟ ಬಿಟ್ಟು ಗ್ರಂಥಾಲಯಕ್ಕೆ ಹೋಗಿ. ‘ಸುಧಾ’, ‘ತರಂಗ’ದ ಹಳೆಯ ಸಂಚಿಕೆಗಳು, ಪ್ರಜಾವಾಣಿ, ಉದಯವಾಣಿಗಳ ಜಿಲ್ಲಾ ಪುಟಗಳು, ಮಹಿಳಾ ಪುರವಣಿಗಳು ಜಾಲದಲ್ಲಿ ಪೂರ್ತಿ ಸಿಗುವುದಿಲ್ಲ. ಟಿಪ್ಪಣಿ ಮಾಡುವಾಗ ಲೇಖಕರ ಹೆಸರು, ತಲೆಬರಹ, ದಿನಾಂಕ, ಆವೃತ್ತಿ, ಪುಟ ಸಂಖ್ಯೆ ಐದನ್ನೂ ಬರೆದುಕೊಳ್ಳಿ. ಬೆಂಗಳೂರು ಆವೃತ್ತಿಯಲ್ಲಿ ಇದ್ದದ್ದು ಹುಬ್ಬಳ್ಳಿಯದರಲ್ಲಿ ಇರದಿರಬಹುದು. ಜಾಲದ ಕೊಂಡಿಯಾದರೆ ಅಂದೇ ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿ. ಟಿ.ವಿ. ಸಂಚಿಕೆಯನ್ನು ಉಲ್ಲೇಖಿಸುವಾಗ ನಿಮಿಷ, ಸೆಕೆಂಡು ಕೊಡಿ. ಇಷ್ಟು ಮಾಡಿಯೂ ಮೂರೇ ವಾಕ್ಯಕ್ಕೆ ಆಧಾರ ಸಿಕ್ಕರೆ, ಪ್ರತ್ಯೇಕ ಪುಟದ ಬದಲು ಕಾರ್ಯಕ್ರಮದ ಪುಟದೊಳಗೇ ಆ ಮೂರು ವಾಕ್ಯ ಬರೆಯಿರಿ.

‘ನನ್ನ ಬಗ್ಗೆ ಬರೆದದ್ದು ತಪ್ಪು’ ಎಂದು ಬಾಣಸಿಗರೇ ಹೇಳಿದರೆ?

ವಾದಕ್ಕೆ ಇಳಿಯದೆ ಮೊದಲು ಆ ವಾಕ್ಯದ ಆಧಾರ ತೆರೆದು ಓದಿ. ಆಧಾರವೇ ಇಲ್ಲದಿದ್ದರೆ ತಕ್ಷಣ ಅಳಿಸಿ, ಚರ್ಚೆ ಆಮೇಲೆ. ಆಧಾರ ಇದ್ದೂ ಅವರು ಒಪ್ಪದಿದ್ದರೆ ಅವರ ನಿರಾಕರಣೆಯನ್ನು ಅವರ ಮಾತೆಂದೇ ಪಕ್ಕದಲ್ಲಿ ಸೇರಿಸಿ. ಆಧಾರ್ ಕಾರ್ಡು, ಅಂಕಪಟ್ಟಿ ಕಳಿಸಿ ಎಂದು ಅವರನ್ನು ಕೇಳಬೇಡಿ. ತಾವಾಗಿ ಕಳಿಸಿದರೂ ಎಲ್ಲೂ ಏರಿಸಬೇಡಿ. ತಿದ್ದಿದ ಮೇಲೆ ಅದೇ ತಪ್ಪು ವಿಕಿಡೇಟಾದಲ್ಲಿ, ಇಂಗ್ಲಿಷ್ ಪುಟದಲ್ಲಿ, ಫೋಟೊದ ಅಡಿಬರಹದಲ್ಲಿ ಉಳಿದಿದೆಯೇ ನೋಡಿ. ವಿಕಿಡೇಟಾದಲ್ಲಿ ಉಳಿದರೆ ಅಲ್ಲಿಂದ ತುಂಬಿಕೊಳ್ಳುವ ಮಾಹಿತಿಚೌಕದಲ್ಲಿ (ಪುಟದ ಬದಿಯ ಸಾರಾಂಶ ಪಟ್ಟಿಯಲ್ಲಿ) ಮತ್ತೆ ಕಾಣಿಸಿಕೊಳ್ಳುತ್ತದೆ.